ತರಗತಿಯೊಳಗಿನ ತರತಮ

2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಂ ಮತ್ತು ಅವರ ತಂಡದವರು ಪುಟ್ಟ ಮಕ್ಕಳಿಗೆ ಪಾಠ ಹೇಳುವ 135 ಮಂದಿಯನ್ನು ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿದರು. ಪರದೆಯಲ್ಲಿ ನಾಲ್ಕು ಮಕ್ಕಳು ಆಡುತ್ತಿದ್ದರು. ಕಪ್ಪು ಜನಾಂಗದ ಒಬ್ಬ ಹುಡುಗ, ಒಬ್ಬಳು ಹುಡುಗಿ. ಬಿಳಿ ಜನಾಂಗದ ಒಬ್ಬ ಹುಡುಗ, ಒಬ್ಬಳು ಹುಡುಗಿ. ತಂಟೆ ಶುರುವಾಗುವ ಸೂಚನೆ ಕಂಡ ಕೂಡಲೇ ಗುಂಡಿ ಒತ್ತಬೇಕು ಎಂಬುದು ಶಿಕ್ಷಕರಿಗೆ ಕೊಟ್ಟ ಕೆಲಸ. ತಮಾಷೆಯೆಂದರೆ ಆ ವಿಡಿಯೊದಲ್ಲಿ ತಂಟೆಯೇ ಇರಲಿಲ್ಲ. ಮಕ್ಕಳೆಲ್ಲ ನಟಿಸಲು ಬಂದವರು. ಶಿಕ್ಷಕರ ಕಣ್ಣು ಎತ್ತ ಹೊರಳುತ್ತದೆ ಎಂಬುದನ್ನು ಯಂತ್ರವೊಂದು ಗುರುತು ಹಾಕಿಕೊಳ್ಳುತ್ತಿತ್ತು. ತಂಟೆ ಹುಡುಕುತ್ತಿದ್ದ ಕಣ್ಣುಗಳು ಹೆಚ್ಚು ಹೊತ್ತು ನಿಂತದ್ದು ಕಪ್ಪು ಹುಡುಗನ ಮೇಲೆ. ಕಪ್ಪು ಜನಾಂಗದ ಶಿಕ್ಷಕರ ಕಣ್ಣುಗಳೂ ಅಷ್ಟೇ.

ಆ ಶಿಕ್ಷಕರಲ್ಲಿ ಒಬ್ಬರನ್ನು ತಡೆದು "ನಿಮಗೆ ಕಪ್ಪು ಮಕ್ಕಳೆಂದರೆ ಆಗದೆ?" ಎಂದು ಕೇಳಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ. ಶಾಲೆಗಳಲ್ಲಿ ಜನಾಂಗೀಯತೆಯ ಚರ್ಚೆ ಹಳ್ಳ ಹಿಡಿಯುವುದು ಸಾಮಾನ್ಯವಾಗಿ ಇಲ್ಲೇ. ಯಾರ ಮನಸ್ಸಿನಲ್ಲಿ ಏನಿದೆ ಎಂದು ಕೆದಕಲು ಹೋಗುತ್ತೇವೆ, ಎಲ್ಲರೂ ತಮ್ಮ ಮನಸ್ಸು ಶುದ್ಧವೆಂದು ಎದೆ ಮುಟ್ಟಿ ಹೇಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ರೇಸಿಸಂ ಎಂಬುದಕ್ಕೆ ಕನ್ನಡದಲ್ಲಿ ಜನಾಂಗೀಯ ದ್ವೇಷ, ವರ್ಣಭೇದ, ಜನಾಂಗೀಯ ತಾರತಮ್ಯ ಎಂದೆಲ್ಲ ಬರೆಯುತ್ತೇವೆ, ಕೈಗೆ ಯಾವುದು ಸಿಕ್ಕಿದರೆ ಅದನ್ನು. ಶಾಲೆಯ ಮಟ್ಟಿಗೆ ಇವುಗಳ ಅಂತರ ಸಣ್ಣದಲ್ಲ. ದ್ವೇಷ ಮನಸ್ಸಿನೊಳಗಿನದು, ಹೊರಗಿನವರಿಗೆ ಅಳೆಯಲು ಸಿಗದು. ವರ್ಣಭೇದ ಎಂದಾಗ ಮೈಬಣ್ಣವೊಂದೇ ಕಣ್ಣಿಗೆ ಬರುತ್ತದೆ. ಹೆಸರು, ಉಚ್ಚಾರಣೆ, ತಲೆಗೂದಲು, ಮನೆಮಾತು ಎಲ್ಲ ಮರೆಯಾಗುತ್ತವೆ. ತಾರತಮ್ಯ ಎಂಬ ಪದವೇ ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ. ಲಘುತರ, ಲಘುತಮ ಎನ್ನುವಾಗ ಬರುವ ತರ ಮತ್ತು ತಮಗಳಿಂದ ಹುಟ್ಟಿದ ಪದ ಅದು. ಶಾಲೆ ಬೆಳಗಿನಿಂದ ಸಂಜೆಯವರೆಗೆ ಮಾಡುವುದೂ ಅದನ್ನೇ ಅಲ್ಲವೆ? ಅಂಕ ಕೊಡುವುದು, ಗುಂಪು ವಿಂಗಡಿಸುವುದು, ಯಾರನ್ನು ಮುಂದಿನ ಬೆಂಚಿಗೆ ಕರೆಯಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು, ಯಾರ ಹೆಸರನ್ನು ಸ್ಪರ್ಧೆಗೆ ಕಳಿಸಬೇಕು. ಇಂಥ ಹತ್ತಾರು ತೀರ್ಮಾನಗಳನ್ನು ಶಿಕ್ಷಕರು ಪ್ರತಿ ಗಂಟೆಯೂ ಯೋಚಿಸಲು ಪುರುಸೊತ್ತಿಲ್ಲದೆ ಮಾಡುತ್ತಾರೆ. ಜನಾಂಗೀಯತೆ ಒಳನುಸುಳುವುದು ಆ ಪುರುಸೊತ್ತಿಲ್ಲದ ಸಂದಿಯಲ್ಲಿ.

ಬ್ರಿಟನ್ನಿನಲ್ಲಿ 1993ರ ಏಪ್ರಿಲ್‌ನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಜನಾಂಗದ ತರುಣನನ್ನು ಬಿಳಿ ಹುಡುಗರ ಗುಂಪೊಂದು ಇರಿದು ಕೊಂದಿತು. ಪೊಲೀಸ್ ತನಿಖೆ ಎಡವಿದ್ದು ಹೇಗೆ ಎಂದು ವಿಚಾರಿಸಿದ ವಿಲಿಯಂ ಮ್ಯಾಕ್‌ಫರ್ಸನ್ ಅವರ ವರದಿ 1999ರಲ್ಲಿ ಹೊರಬಂತು. ಸಾಂಸ್ಥಿಕ ಜನಾಂಗೀಯತೆ ಎಂಬ ಮಾತು ಅಲ್ಲಿನ ಮನೆಮನೆಗೆ ತಲುಪಿದ್ದು ಆ ವರದಿಯಿಂದ. ಅರಿವಿಲ್ಲದ ಪೂರ್ವಗ್ರಹ, ಅಜ್ಞಾನ, ವಿಚಾರಹೀನತೆಗಳೂ ಸೇರಿ ಒಂದು ಸಂಸ್ಥೆಯ ನಡೆಯನ್ನು ತಾರತಮ್ಯದ್ದಾಗಿಸಬಲ್ಲವು ಎಂದು ಅದು ಹೇಳಿತು. ಪೊಲೀಸರ ಬಗೆಗಿನ ವರದಿಯಾದರೂ ಶಾಲೆಗಳಿಗೂ ಅದರಲ್ಲಿ ಒಂದು ಸೂಚನೆ ಇತ್ತು: ಜನಾಂಗೀಯ ಸ್ವರೂಪದ ಪ್ರತಿ ಘಟನೆಯನ್ನೂ ಬರೆದಿಡಿ, ಪೋಷಕರಿಗೆ ತಿಳಿಸಿ. ಬರೆದಿಡುವುದು ನೀರಸ ಕೆಲಸ. ಆದರೂ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇದೇ ಎಂದು ನನಗನ್ನಿಸುತ್ತದೆ.

ಶಿಸ್ತಿನ ರಿಜಿಸ್ಟರ್ ಹೇಳುವ ಕತೆ

ಅಮೆರಿಕದ ಶಿಕ್ಷಣ ಇಲಾಖೆ ಶಾಲೆಗಳಿಂದ ಸಂಗ್ರಹಿಸಿದ 2013–14ರ ಲೆಕ್ಕದ ಪ್ರಕಾರ, ಅಮಾನತಾಗಿ ಮನೆಗೆ ಹೋಗುವ ಸಾಧ್ಯತೆ ಬಿಳಿಯ ಮಕ್ಕಳಿಗಿಂತ ಕಪ್ಪು ಮಕ್ಕಳಿಗೆ 3.8 ಪಟ್ಟು ಹೆಚ್ಚು. ಶಾಲಾಪೂರ್ವ ತರಗತಿಗಳಲ್ಲೂ, ಅಂದರೆ ಇನ್ನೂ ಚಪ್ಪಲಿ ಸರಿಯಾಗಿ ಹಾಕಿಕೊಳ್ಳಲು ಬಾರದ ವಯಸ್ಸಿನಲ್ಲೂ, ಇದು 3.6 ಪಟ್ಟು.

"ಆ ಮಕ್ಕಳ ಗಲಾಟೆಯೂ ಹೆಚ್ಚಿರಬಹುದು" ಎನ್ನುವವರು ಇದ್ದೇ ಇರುತ್ತಾರೆ. ಇಂಡಿಯಾನಾ ವಿಶ್ವವಿದ್ಯಾಲಯದ ರಸೆಲ್ ಸ್ಕೀಬಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಬಿಡಿಸಿ ನೋಡಿತು. ಮುಖ್ಯೋಪಾಧ್ಯಾಯರ ಕೋಣೆಗೆ ಮಕ್ಕಳನ್ನು ಕಳಿಸುವಾಗ ಶಿಕ್ಷಕರು ಕಾರಣ ಬರೆಯುತ್ತಾರಲ್ಲ, ಅದನ್ನು ಅವರು ಓದಿದರು. ಬಿಳಿಯ ಮಕ್ಕಳ ಎದುರು ಹೆಚ್ಚಾಗಿ ಇದ್ದದ್ದು ಸಿಗರೇಟು ಸೇದಿದ, ಹೇಳದೆ ಹೊರಟುಹೋದ, ವಸ್ತು ಒಡೆದ, ಹೊಲಸು ಮಾತಾಡಿದ ಎಂಬ ಕಾರಣಗಳು. ಕಪ್ಪು ಮಕ್ಕಳ ಎದುರು ಹೆಚ್ಚಾಗಿ ಇದ್ದದ್ದು ಅಗೌರವ ತೋರಿದ, ಅತಿಯಾಗಿ ಗದ್ದಲ ಮಾಡಿದ, ಬೆದರಿಸುವ ಹಾಗೆ ವರ್ತಿಸಿದ ಎಂಬುವು. ಸಿಗರೇಟು ಸೇದಿದ್ದು ಯಾರು ನೋಡಿದರೂ ಸಿಗರೇಟೇ. ಅಗೌರವ ಮಾತ್ರ ನೋಡುವವರ ಕಣ್ಣಿನಲ್ಲಿರುತ್ತದೆ.

ಈ ಒಂದು ವ್ಯತ್ಯಾಸ ಗೊತ್ತಾದರೆ ಏನು ಮಾಡಬೇಕೆಂಬುದು ಅರ್ಧ ಹೊಳೆದಂತೆ. ಒಂದು ಉದಾಹರಣೆ ನೋಡಿ. ಶಿಕ್ಷಕರೊಬ್ಬರು ಚೀಟಿಯಲ್ಲಿ "ಎದುರು ಮಾತಾಡಿದ, ಉದ್ಧಟತನ" ಎಂದು ಬರೆದು ಹುಡುಗನನ್ನು ಕಳಿಸುತ್ತಾರೆ. ಅದೇ ಚೀಟಿಯಲ್ಲಿ ವಿಶೇಷಣ ಹಾಕುವಂತಿಲ್ಲ, ನಡೆದದ್ದನ್ನಷ್ಟೇ ಬರೆಯಬೇಕು ಎಂಬ ನಿಯಮವಿದ್ದರೆ? "ಕೂತುಕೋ ಎಂದು ಎರಡು ಸಲ ಹೇಳಿದೆ. 'ಅವನೂ ನಿಂತಿದಾನಲ್ಲ ಸರ್, ಅವನಿಗೆ ಯಾಕೆ ಹೇಳಲ್ಲ?' ಅಂದ." ಮೊದಲ ಚೀಟಿಯಲ್ಲಿ ಒಬ್ಬ ಉದ್ಧಟ ಹುಡುಗನಿದ್ದಾನೆ. ಎರಡನೆಯದರಲ್ಲಿ ಒಂದು ಪ್ರಶ್ನೆ ಇದೆ, ಬಹುಶಃ ನ್ಯಾಯವಾದ ಪ್ರಶ್ನೆ. ಎರಡನೆಯ ಚೀಟಿ ಬರೆಯುತ್ತಿರುವಾಗಲೇ ಎಷ್ಟೋ ಶಿಕ್ಷಕರ ಪೆನ್ನು ಅರ್ಧಕ್ಕೆ ನಿಲ್ಲುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಸನ್ ಒಕೊನೊಫುವಾ ಮತ್ತು ಜೆನಿಫರ್ ಎಬರ್‌ಹಾರ್ಟ್ 2015ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಅವರು ಶಿಕ್ಷಕರಿಗೆ ಒಬ್ಬ ವಿದ್ಯಾರ್ಥಿಯ ಎರಡು ಸಣ್ಣ ತಪ್ಪುಗಳ ದಾಖಲೆಯನ್ನು ಓದಲು ಕೊಟ್ಟರು. ತಪ್ಪು ಅವೇ, ಬದಲಾಗಿದ್ದದ್ದು ಹುಡುಗನ ಹೆಸರು: ಕೆಲವರಿಗೆ ಬಿಳಿಯರಲ್ಲಿ ರೂಢಿಯಿರುವ ಹೆಸರು, ಕೆಲವರಿಗೆ ಕಪ್ಪು ಜನಾಂಗದಲ್ಲಿ ರೂಢಿಯಿರುವ ಹೆಸರು. ಮೊದಲ ತಪ್ಪಿಗೆ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಿರುಕು ಕಂಡದ್ದು ಎರಡನೆಯದರಲ್ಲಿ. ಕಪ್ಪು ಹೆಸರಿನ ಹುಡುಗನ ಎರಡನೆಯ ತಪ್ಪು ಶಿಕ್ಷಕರನ್ನು ಹೆಚ್ಚು ಕೆರಳಿಸಿತು, ಶಿಕ್ಷೆ ಜೋರಾಗಬೇಕೆನ್ನಿಸಿತು. ಎರಡು ಬಿಡಿ ಘಟನೆಗಳು ಅವರ ಕಣ್ಣಿಗೆ ಅವನ ಚಾಳಿಯಾಗಿ ಕಂಡವು. ಹೀಗೆ ಒಂದು ಮಗುವಿನ ಬಗ್ಗೆ "ಇದು ಇವನ ಹಣೆಬರಹ" ಎಂದೂ ಇನ್ನೊಂದರ ಬಗ್ಗೆ "ಇವತ್ತು ಏನೋ ಆಗಿದೆ" ಎಂದೂ ಶಿಕ್ಷಕರಿಗೆ ಅನ್ನಿಸುವುದು ಎರಡನೆಯ ಸಲಕ್ಕೆ.

ಅದಕ್ಕೇ ಎರಡನೆಯ ಸಲ ಕೈ ಚೀಟಿಯತ್ತ ಹೋದಾಗ ಹತ್ತು ನಿಮಿಷ ತಡೆಯುವುದು, ಸಹೋದ್ಯೋಗಿಯೊಬ್ಬರ ಬಳಿ ಒಂದು ಮಾತು ಹೇಳುವುದು, ಮನೆಗೆ ಫೋನ್ ಮಾಡಿ ವಿಚಾರಿಸುವುದು ಶಾಲೆಯ ಪದ್ಧತಿಯಾಗಬೇಕು. ಇದೆಲ್ಲ ಭಾಷಣಕ್ಕೆ ಒದಗುವ ಸರಕಲ್ಲ. ಕ್ಯಾಲಿಫೋರ್ನಿಯಾದ ಐದು ಶಾಲೆಗಳಲ್ಲಿ ಒಕೊನೊಫುವಾ ತಂಡ ಗಣಿತ ಶಿಕ್ಷಕರಿಗೆ ಒಂದು ಚಿಕ್ಕ ಆನ್‌ಲೈನ್ ಅಭ್ಯಾಸ ಕೊಟ್ಟಿತು. ಮಗು ಯಾಕೆ ಹಾಗೆ ನಡೆದುಕೊಂಡಿರಬಹುದು, ಸಂಬಂಧ ಕೆಡದ ಹಾಗೆ ತಿದ್ದುವುದು ಹೇಗೆ ಎಂಬ ಕುರಿತ ಓದು ಮತ್ತು ಬರವಣಿಗೆ, ಅಷ್ಟೇ. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದೊಳಗೆ ಅಮಾನತಾದವರ ಪ್ರಮಾಣ ಈ ಅಭ್ಯಾಸ ಮಾಡದ ಶಿಕ್ಷಕರ ವಿದ್ಯಾರ್ಥಿಗಳಲ್ಲಿ 9.6 ಪ್ರತಿಶತ, ಮಾಡಿದವರ ವಿದ್ಯಾರ್ಥಿಗಳಲ್ಲಿ 4.8 ಪ್ರತಿಶತ.

ಶಿಕ್ಷೆಯ ಬದಲು ವೃತ್ತಾಕಾರದಲ್ಲಿ ಕೂತು ಮಾತಾಡಿ ಸಂಬಂಧ ಸರಿಪಡಿಸುವ ಪದ್ಧತಿಯೂ ಹಲವೆಡೆ ಬಂದಿದೆ. ಪಿಟ್ಸ್‌ಬರ್ಗ್‌ನ ಶಾಲೆಗಳಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ಅಮಾನತುಗಳು ಇಳಿದವು, ಕಪ್ಪು–ಬಿಳಿ ಮಕ್ಕಳ ನಡುವಿನ ಅಂತರವೂ ಕಿರಿದಾಯಿತು. ಆದರೆ 6ರಿಂದ 8ನೇ ತರಗತಿಯ ಮಕ್ಕಳ ಕಲಿಕೆ ಕುಗ್ಗಿತು. ಹೊಸ ಪದ್ಧತಿ ತರುವವರು ಈ ಎರಡನೆಯ ಭಾಗವನ್ನು ಮೆಲ್ಲಗೆ ನುಂಗಿಬಿಡುತ್ತಾರೆ. ನುಂಗಬಾರದು.

ಮೆದುವಾದ ಅನ್ಯಾಯ

ಗದರಿಸುವುದಕ್ಕಿಂತ ಗುರುತಿಸಲು ಕಷ್ಟವಾದದ್ದು ಕನಿಕರ. "ಪಾಪ, ಇವನ ಕೈಲಿ ಇಷ್ಟೇ ಆಗೋದು" ಎಂದು ಸುಲಭದ ಲೆಕ್ಕ ಕೊಡುವುದು, ಬರೆದದ್ದು ಹೇಗಿದ್ದರೂ "ಚೆನ್ನಾಗಿದೆ" ಎಂದು ಷರಾ ಹಾಕುವುದು. ಅಂಥ ಷರಾ ಮಗುವಿಗೆ ಅರ್ಥವಾಗುವುದಿಲ್ಲ ಎಂದುಕೊಂಡರೆ ಅದು ನಮ್ಮ ತಪ್ಪು.

ಹೊಗಳಿದರೆ ಹೀಗೆ. ಹಾಗೆಂದು ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟರೆ, ಜನಾಂಗದ ಕಾರಣಕ್ಕೆ ಹೀನವಾಗಿ ನೋಡಿಸಿಕೊಂಡು ಅಭ್ಯಾಸವಾದ ಮಗುವಿಗೆ ಬೇರೆ ಸಂಶಯ: ತಿದ್ದಿದ್ದು ನನ್ನ ಬರಹವನ್ನೋ, ನನ್ನನ್ನೋ? 2014ರಲ್ಲಿ ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮತ್ತಿತರರು ಪ್ರಕಟಿಸಿದ ಪ್ರಯೋಗವೊಂದು ಈ ಬಿಕ್ಕಟ್ಟಿಗೆ ಕೈಹಾಕಿತು. ಏಳನೇ ತರಗತಿಯ ಮಕ್ಕಳು ಪ್ರಬಂಧ ಬರೆದರು, ಶಿಕ್ಷಕರು ಎಂದಿನಂತೆ ತಿದ್ದಿದರು. ಕೆಲವು ಮಕ್ಕಳ ಹಾಳೆಗೆ ಒಂದು ಚೀಟಿ ಅಂಟಿತ್ತು. ನಿನ್ನಿಂದ ನನಗೆ ದೊಡ್ಡ ನಿರೀಕ್ಷೆಯಿದೆ, ನೀನು ಅದನ್ನು ಮುಟ್ಟಬಲ್ಲೆ ಎಂದು ಗೊತ್ತಿರುವುದರಿಂದಲೇ ಇಷ್ಟೆಲ್ಲ ತಿದ್ದಿದ್ದೇನೆ ಎಂಬುದು ಅದರ ಸಾರ. ಉಳಿದವರ ಚೀಟಿಯಲ್ಲಿ ಸಪ್ಪೆ ಒಕ್ಕಣೆ. ಪ್ರಬಂಧವನ್ನು ಮತ್ತೆ ಬರೆಯುವುದು ಮಕ್ಕಳ ಇಷ್ಟ. ಸಪ್ಪೆ ಚೀಟಿ ಸಿಕ್ಕಿದ ಕಪ್ಪು ವಿದ್ಯಾರ್ಥಿಗಳಲ್ಲಿ ನೂರಕ್ಕೆ 17 ಮಂದಿ ಮತ್ತೆ ಬರೆದರು. ಇನ್ನೊಂದು ಚೀಟಿ ಸಿಕ್ಕಿದವರಲ್ಲಿ ಸುಮಾರು 70 ಮಂದಿ. ಆ ಚೀಟಿ ತಿದ್ದುವಿಕೆಯನ್ನು ಒಂದಿಷ್ಟೂ ಸಡಿಲಿಸಲಿಲ್ಲ. ಯಾಕೆ ತಿದ್ದಿದೆ ಎಂಬ ಸಂಶಯವನ್ನಷ್ಟೇ ತೆಗೆಯಿತು. ಮಗುವಿನ ನೋಟ್‌ಬುಕ್ಕನ್ನು ಚೆನ್ನಾಗಿ ಓದದೆ, ಈ ಸಾಲನ್ನು ಮೊಹರು ಮಾಡಿಸಿ ಎಲ್ಲರ ಹಾಳೆಗೂ ಒತ್ತುತ್ತಾ ಹೋದರೆ ಮಕ್ಕಳು ಅದನ್ನೂ ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ.

ಆಯ್ಕೆಯನ್ನು ಶಿಕ್ಷಕರ ಅಂದಾಜಿಗೆ ಬಿಟ್ಟರೆ ಕೆಲವು ಮಕ್ಕಳು ಹೇಗೆ ಸೋಸಿಹೋಗುತ್ತಾರೆ ಎಂಬುದಕ್ಕೆ ಫ್ಲಾರಿಡಾದ ಬ್ರವರ್ಡ್ ಕೌಂಟಿಯ ಕತೆ ನನಗೆ ತುಂಬ ಮುಖ್ಯವೆನಿಸುತ್ತದೆ. ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ ಅಲ್ಲಿ ಶಿಕ್ಷಕರು ಇಲ್ಲವೇ ಪೋಷಕರು ಹೆಸರು ಸೂಚಿಸಬೇಕಿತ್ತು. 2005ರಲ್ಲಿ ಆಡಳಿತ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಪರೀಕ್ಷೆ ಕೊಡಲು ಶುರುಮಾಡಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಲೆಕ್ಕ ಹಾಕಿದಂತೆ, ಪ್ರತಿಭಾವಂತರೆಂದು ಗುರುತಿಸಲ್ಪಟ್ಟ ಕಪ್ಪು ಮಕ್ಕಳ ಪ್ರಮಾಣ 80 ಪ್ರತಿಶತ, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದ) ಮಕ್ಕಳ ಪ್ರಮಾಣ 130 ಪ್ರತಿಶತ ಏರಿತು. ಆ ಮಕ್ಕಳು ಹಿಂದಿನ ವರ್ಷಗಳಲ್ಲೂ ಅದೇ ಬೆಂಚುಗಳಲ್ಲಿ ಕೂತಿದ್ದರು. ಮುಂದೆ ಹಣದ ಮುಗ್ಗಟ್ಟಿನಲ್ಲಿ ಆ ಪರೀಕ್ಷೆಯನ್ನೇ ಕೈಬಿಟ್ಟಾಗ ಸಂಖ್ಯೆ ಮತ್ತೆ ಕುಸಿಯಿತು. ಯಾರ ಮನಪರಿವರ್ತನೆಯನ್ನೂ ಮಾಡದೆ ಬಂದ ಬದಲಾವಣೆ ಯಾರ ಮನಸ್ಸೂ ಕೆಡದೆಯೇ ಹೊರಟುಹೋಯಿತು.

"ತಮಾಷೆಗೆ ಅಂದೆ ಮಿಸ್"

ಮೇಲಿನದೆಲ್ಲ ಸದ್ದಿಲ್ಲದ ತಾರತಮ್ಯ. ಸದ್ದು ಮಾಡುವುದೂ ಇದೆ. ಗುಂಪು ಚಟುವಟಿಕೆಯ ಮಧ್ಯೆ ಒಬ್ಬ ಹುಡುಗ ಇನ್ನೊಬ್ಬನ ಜನಾಂಗವನ್ನು ಹೀಗಳೆಯುವ ಶಬ್ದವೊಂದನ್ನು ಎಸೆಯುತ್ತಾನೆ. ನಾಲ್ಕು ಜನ ಕಿಸಕ್ಕೆಂದು ನಗುತ್ತಾರೆ. ಬೈಸಿಕೊಂಡವನೂ ನಗುತ್ತಾನೆ, ಅಥವಾ ನಕ್ಕ ಹಾಗೆ ಮಾಡುತ್ತಾನೆ. ಶಿಕ್ಷಕಿಗೆ ಪಾಠ ಮುಗಿಸುವ ಗಡಿಬಿಡಿ.

ಕೇಳಿಸದವರಂತೆ ಇದ್ದುಬಿಡುವುದು ಎಲ್ಲಕ್ಕಿಂತ ಕೆಟ್ಟ ಉತ್ತರ. ಕೇಳಿಸಿದೆ ಎಂಬುದು ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ. ಹುಡುಗನನ್ನು ನಿಲ್ಲಿಸಿ ಅರ್ಧ ಗಂಟೆ ಬೈಯುವುದೂ ಕೆಲಸಕ್ಕೆ ಬಾರದು. ತರಗತಿಯ ಕಣ್ಣೆಲ್ಲ ಅವನ ಮೇಲೆ ಹೋಗಿ, ನೊಂದವನು ಮರೆತೇಹೋಗುತ್ತಾನೆ. ಇಬ್ಬರಿಗೂ ಕೈ ಕುಲುಕಿಸಿ "ಫ್ರೆಂಡ್ಸ್ ಆಗಿ" ಎನ್ನುವುದಂತೂ ಜಗಳವನ್ನೂ ಅವಮಾನವನ್ನೂ ಒಂದೇ ತಕ್ಕಡಿಗೆ ಹಾಕಿದಂತೆ. ಎರಡು ವಾಕ್ಯ ಸಾಕು, ದನಿ ಏರಿಸದೆ: "ಆ ಮಾತು ಒಂದು ಜನಾಂಗವನ್ನು ಕೀಳಾಗಿಸಲೆಂದೇ ಹುಟ್ಟಿದ್ದು, ಈ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ. ಕ್ಲಾಸ್ ಮುಗಿದ ಮೇಲೆ ನನ್ನನ್ನು ಬಂದು ಕಾಣು." ಪಾಠ ಮುಂದುವರಿಯಲಿ.

ಗಂಟೆ ಹೊಡೆದ ಮೇಲೆ ಮೊದಲು ಮಾತಾಡಿಸಬೇಕಾದದ್ದು ನೊಂದ ಮಗುವನ್ನು, ಒಂಟಿಯಾಗಿ. "ನಿನಗೆ ಹೇಗನ್ನಿಸಿತು, ಎಲ್ಲರಿಗೂ ಹೇಳು" ಎಂದು ತರಗತಿಯೆದುರು ನಿಲ್ಲಿಸುವುದು ಎರಡನೆಯ ಏಟು. ಆ ಮಗು ತನ್ನ ಜನಾಂಗದ ವಕೀಲನಲ್ಲ. ಆಮೇಲೆ ಅಂದವನ ಸರದಿ. ಅವನು "ತಮಾಷೆಗೆ ಅಂದೆ ಮಿಸ್" ಅನ್ನುತ್ತಾನೆ. ಅದು ನಿಜವೇ ಇರಬಹುದು. ತಮಾಷೆ ಯಾವುದರಲ್ಲಿತ್ತು ಬಿಡಿಸಿ ಹೇಳು ಎಂದು ಕೇಳಿ ಸುಮ್ಮನೆ ಕಾಯಿರಿ. ವಿವರಿಸಲು ಹೊರಟ ಹುಡುಗನಿಗೆ ತನ್ನ ಮಾತಿನ ಹೊಲಸು ತನ್ನ ಕಿವಿಗೇ ಬೀಳುತ್ತದೆ. ಕೊನೆಗೆ ರಿಜಿಸ್ಟರ್: ದಿನಾಂಕ, ಆಡಿದ ಮಾತು, ಮಾಡಿದ ಕ್ರಮ. ಇಬ್ಬರ ಮನೆಗೂ ಸುದ್ದಿ ಹೋಗಬೇಕು.

ಇಂಥ ಮಾತು ಶಿಕ್ಷಕರ ಕೋಣೆಯಲ್ಲೇ ಬಂದರೆ? ಮಕ್ಕಳನ್ನು ತಿದ್ದುವಷ್ಟು ಸಲೀಸಾಗಿ ಪಕ್ಕದ ಕುರ್ಚಿಯವರನ್ನು ತಿದ್ದುವವರು ಕಡಿಮೆ. ಅಲ್ಲಿ ಬಡ್ತಿ, ಸ್ನೇಹ, ನಾಳೆಯ ಮುಖ ನೋಡುವಿಕೆ ಎಲ್ಲ ಅಡ್ಡ ಬರುತ್ತವೆ. "ಆ ಮಾತು ನನಗೆ ಹಿಡಿಸಲಿಲ್ಲ" ಎಂದಷ್ಟೇ ಹೇಳಿ ಎದ್ದು ಹೋದರೂ ಕೋಣೆಯ ಗಾಳಿ ಸ್ವಲ್ಪ ಬದಲಾಗುತ್ತದೆ.

ಪಾಠದ ಒಳಗೆ

"ನನಗೆ ಬಣ್ಣವೇ ಕಾಣುವುದಿಲ್ಲ, ಎಲ್ಲರೂ ಮಕ್ಕಳೇ" ಎನ್ನುವ ಶಿಕ್ಷಕರು ಒಳ್ಳೆಯವರು. ಕಾಣುವುದಿಲ್ಲ ಎಂಬ ಮಾತು ಮಾತ್ರ ನಂಬುವಂಥದ್ದಲ್ಲ. ಮೂರು ತಿಂಗಳ ಕೂಸೇ ತಾನು ನಿತ್ಯ ಕಾಣುವ ಜನಾಂಗದ ಮುಖಗಳ ಕಡೆಗೆ ಹೆಚ್ಚು ಹೊತ್ತು ನೋಡುತ್ತದೆ ಎಂದು 2005ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಅದು ದ್ವೇಷವಲ್ಲ, ರೂಢಿ. ದೊಡ್ಡವರು ಬಾಯಿ ಬಿಡದಿದ್ದರೆ ಕಂಡ ವ್ಯತ್ಯಾಸಕ್ಕೆ ಅರ್ಥವನ್ನು ಮಕ್ಕಳು ಬೇರೆಲ್ಲಿಂದಲೋ ತಂದುಕೊಳ್ಳುತ್ತಾರೆ.

ಶಾಲೆಯೆಂಬುದು ಸ್ವಭಾವತಃ ನಿಷ್ಪಕ್ಷಪಾತದ ಜಾಗ ಎಂಬ ನಂಬಿಕೆಗೂ ಚರಿತ್ರೆಯ ಬೆಂಬಲವಿಲ್ಲ. ದಕ್ಷಿಣ ಆಫ್ರಿಕದಲ್ಲಿ 1953ರ ಬಂಟು ಶಿಕ್ಷಣ ಕಾಯ್ದೆ ಕಪ್ಪು ಮಕ್ಕಳನ್ನು ಕೂಲಿಗಷ್ಟೇ ತಯಾರು ಮಾಡುವ ಪಠ್ಯಕ್ರಮವನ್ನು ಹೇರಿತು. ಕೆಲವು ವಿಷಯಗಳನ್ನು ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಯಬೇಕೆಂದಾಗ 1976ರ ಜೂನ್ 16ರಂದು ಸೊವೆಟೊದ ವಿದ್ಯಾರ್ಥಿಗಳು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಕೆನಡಾದ ವಸತಿ ಶಾಲೆಗಳು ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಕಿತ್ತುಕೊಂಡು ಅವರ ಮಾತನ್ನೇ ಮರೆಸಲು ಹೊರಟವು. ಇಂಥ ಪಾಠಗಳನ್ನು ಹೇಳುವಾಗ ಒಂದು ಜನಾಂಗ ಪಠ್ಯದೊಳಕ್ಕೆ ಮೊದಲ ಸಲ ಕಾಲಿಡುವುದೇ ಸಂಕೋಲೆಯೊಂದಿಗೆ ಎಂದಾಗಬಾರದು. ಗುಲಾಮಗಿರಿಗೆ ಮುಂಚೆಯೂ ಆಫ್ರಿಕದಲ್ಲಿ ರಾಜ್ಯಗಳಿದ್ದವು, ಗ್ರಂಥಾಲಯಗಳಿದ್ದವು, ಟಿಂಬಕ್ಟುವಿನಂಥ ವಿದ್ಯಾಕೇಂದ್ರವಿತ್ತು. ಗಣಿತದ ಪುಸ್ತಕದಲ್ಲಿ, ವಿಜ್ಞಾನದ ಚಿತ್ರಗಳಲ್ಲಿ ಯಾರ ಮುಖಗಳಿವೆ ಎಂದೂ ಒಮ್ಮೆ ಎಣಿಸಿ ನೋಡಬಹುದು.

ಒಂದು ಎಚ್ಚರಿಕೆ. ಅನ್ಯಾಯದ "ಅನುಭವ" ಕೊಡುತ್ತೇವೆಂದು ಮಕ್ಕಳಿಂದ ಗುಲಾಮರ ಪಾತ್ರ ಮಾಡಿಸುವ ಹುಚ್ಚು ಬೇಡ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅಯೋವಾದ ಶಿಕ್ಷಕಿ ಜೇನ್ ಎಲಿಯಟ್ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು–ಕೀಳೆಂದು ವಿಂಗಡಿಸಿದ್ದು ಜಗತ್ಪ್ರಸಿದ್ಧ. ಆದರೆ ಆ ಮಕ್ಕಳೆಲ್ಲ ಬಿಳಿಯರು. ಮಿಶ್ರ ತರಗತಿಯಲ್ಲಿ ಅದನ್ನು ನಕಲು ಮಾಡಿದರೆ, ನಿಜ ಜೀವನದಲ್ಲೇ ಆ ಪಾಠ ಕಲಿತ ಮಗುವಿಗೆ ಅದನ್ನೇ ಮತ್ತೆ ಉಣಿಸಿದಂತಾಗುತ್ತದೆ.

ಹಾಜರಿ ಕರೆಯುವಾಗ ಹೆಸರನ್ನು ಸರಿಯಾಗಿ ಹೇಳುವುದು ಸಣ್ಣ ವಿಷಯವೆನಿಸಬಹುದು. "ನಿನ್ನ ಹೆಸರು ನಾಲಿಗೆಗೇ ಹೊರಳಲ್ಲ, ಚಿಕ್ಕದು ಮಾಡಿ ಕರೀತೀನಿ" ಎಂದ ಶಿಕ್ಷಕರು ಮರೆತುಬಿಡುತ್ತಾರೆ, ಮಗು ಮರೆಯುವುದಿಲ್ಲ. ತಲೆಗೂದಲೂ ಹಾಗೆಯೇ. ಸುರುಳಿ ಕೂದಲಿನ ಜಡೆ "ಅಚ್ಚುಕಟ್ಟಿಲ್ಲ" ಎಂದು ಮಕ್ಕಳನ್ನು ಮನೆಗೆ ಕಳಿಸಿದ ಶಾಲೆಗಳಿವೆ. ಕೂದಲಿನ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎಂದು 2019ರಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ತರಬೇಕಾಯಿತು. ಸಮವಸ್ತ್ರದ ನಿಯಮಾವಳಿಯನ್ನು ಓದುವಾಗ "ಅಚ್ಚುಕಟ್ಟು", "ಸಭ್ಯ", "ಸಾಮಾನ್ಯ" ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ. ಯಾರ ಅಳತೆಗೋಲಿನಲ್ಲಿ ಸಾಮಾನ್ಯ?

ಒಬ್ಬರೇ ಸಾಲದು

ಇಷ್ಟನ್ನೂ ಒಬ್ಬ ಶಿಕ್ಷಕಿ ತನ್ನ ಕೋಣೆಯಲ್ಲಿ ಮಾಡಬಹುದು. ವರ್ಷಕ್ಕೊಂದು ದಿನ ಪರಿಣತರನ್ನು ಕರೆಸಿ ಪೂರ್ವಗ್ರಹದ ಬಗ್ಗೆ ಕಾರ್ಯಾಗಾರ ಮಾಡಿಸುವುದರ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ. ಸುಪ್ತ ಪೂರ್ವಗ್ರಹದ ಪರೀಕ್ಷೆಯಲ್ಲಿ ಅಂಕ ಬದಲಾದವರ ನಡವಳಿಕೆಯೂ ಬದಲಾಗುತ್ತದೆ ಎಂಬುದಕ್ಕೆ ಆಧಾರ ದುರ್ಬಲವೆಂದು ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ತಿಂಗಳಿಗೊಮ್ಮೆ ಶಿಕ್ಷಕರೆಲ್ಲ ಕೂತು, ಆ ತಿಂಗಳ ಚೀಟಿಗಳನ್ನು ಮೇಜಿನ ಮೇಲೆ ಹರವಿ, ಯಾವ ಮಕ್ಕಳು, ಯಾವ ಗಂಟೆ, ಯಾವ ಕಾರಣ ಎಂದು ಎಣಿಸುವುದೇ ಮೇಲು. ನೇಮಕಾತಿಯೂ ಇದೇ ಮೇಜಿಗೆ ಬರಬೇಕು. ಶಾಲೆಗಳನ್ನು ಜನಾಂಗದ ಮೇಲೆ ಬೇರೆಯಾಗಿ ಇಡುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. ಮಕ್ಕಳನ್ನು ಒಟ್ಟುಗೂಡಿಸುವ ನೆಪದಲ್ಲಿ ದಕ್ಷಿಣದ ರಾಜ್ಯಗಳು ಕಪ್ಪು ಮಕ್ಕಳ ಶಾಲೆಗಳನ್ನು ಮುಚ್ಚಿ, ಸಾವಿರಾರು ಕಪ್ಪು ಶಿಕ್ಷಕರನ್ನು ಕೆಲಸದಿಂದ ತೆಗೆದವು.

ಆ ತೀರ್ಪಿನ ಆರು ವರ್ಷದ ನಂತರ, 1960ರ ನವೆಂಬರ್ 14ರಂದು, ಆರು ವರ್ಷದ ಕಪ್ಪು ಬಾಲಕಿ ರೂಬಿ ಬ್ರಿಜಸ್ ಕೇಂದ್ರ ಸರ್ಕಾರದ ಮಾರ್ಷಲ್‌ಗಳ ಕಾವಲಿನಲ್ಲಿ ನ್ಯೂ ಆರ್ಲಿಯನ್ಸ್‌ನ ಬಿಳಿಯರಷ್ಟೇ ಓದುತ್ತಿದ್ದ ವಿಲಿಯಂ ಫ್ರಾಂಟ್ಸ್ ಶಾಲೆಗೆ ಹೋದಳು. ಹೊರಗೆ ಜನ ಕಿರುಚುತ್ತಿದ್ದರು. ಬಿಳಿಯ ಪೋಷಕರು ಮಕ್ಕಳನ್ನು ಮನೆಗೆ ಕರೆದುಕೊಂಡು ಹೋದರು. ಅವಳಿಗೆ ಪಾಠ ಹೇಳಲು ಒಪ್ಪಿದವರು ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿ. ಇಡೀ ವರ್ಷ ಒಂದು ಕೋಣೆಯಲ್ಲಿ ಒಬ್ಬ ಶಿಕ್ಷಕಿ, ಒಬ್ಬಳೇ ವಿದ್ಯಾರ್ಥಿನಿ. ಮರುವರ್ಷ ರೂಬಿ ಬಂದಾಗ ಮಾರ್ಷಲ್‌ಗಳಿರಲಿಲ್ಲ, ತರಗತಿಯ ತುಂಬ ಮಕ್ಕಳಿದ್ದರು. ಹಿಂದಿನ ವರ್ಷದ ಬಗ್ಗೆ ಯಾರೂ ಮಾತೆತ್ತಲಿಲ್ಲ. ಹೆನ್ರಿ ಆ ಶಾಲೆಯಲ್ಲಿ ಇರಲಿಲ್ಲ.